ಹಿಂದೇನೇ ಬಂದೆ ಎನ್ನುವ ಮಿತ್ರರಾಜ

ಐತಿಹಾಸಿಕ ಯುದ್ಧತಂತ್ರದ ಕಂಪ್ಯೂಟರ್ ಆಟಗಳಲ್ಲಿ ಆಟಗಾರನ ಪಕ್ಷ ವಹಿಸಿ ನಿಲ್ಲುವ, ಆದರೆ ಕಂಪ್ಯೂಟರೇ ಆಡಿಸುವ ರಾಜನಿಗೆ ಮಿತ್ರ ಎಂದು ಹೆಸರು. ಒಂದು ಆಟದಲ್ಲಿ ಈತ ಫ್ರಾನ್ಸಿನ ದೊರೆ, ಇನ್ನೊಂದರಲ್ಲಿ ಜಪಾನಿನ ಸಾಮಂತ, ಮತ್ತೊಂದರಲ್ಲಿ ಮಾಳವದ ಸುಲ್ತಾನ. ವೇಷ ಯಾವುದಾದರೂ ಸ್ವಭಾವ ಒಂದೇ. "ದಾರೀಲಿದೀನಿ, ನೀವು ನಡೀತಾ ಇರಿ" ಎಂದು ಫೋನಿನಲ್ಲಿ ಹೇಳಿ, ಆಮೇಲೆ ಸ್ನಾನಕ್ಕೆ ನೀರು ಕಾಯಿಸಲು ಇಡುವ ಬಂಧುಗಳ ವಂಶಕ್ಕೆ ಸೇರಿದವನು.

ಸ್ನೇಹ ಕುದುರಿಸುವ ಹಂತದಲ್ಲಿ ಈತನಷ್ಟು ಸಭ್ಯರು ಯಾರೂ ಇಲ್ಲ. 2013ರಲ್ಲಿ ಬಂದ 'ಯುರೋಪಾ ಯೂನಿವರ್ಸಾಲಿಸ್ 4' ಶುರುವಾಗುವುದು 1444ರ ನವೆಂಬರ್ 11ರಂದು. ವಿಜಯನಗರದಲ್ಲಿ ಇಮ್ಮಡಿ ದೇವರಾಯ ಪಟ್ಟದಲ್ಲಿದ್ದಾನೆ, ಉತ್ತರಕ್ಕೆ ಬೀದರಿನ ಬಹಮನಿಗಳು. ವಿಜಯನಗರವನ್ನು ಆರಿಸಿಕೊಂಡ ಆಟಗಾರನಿಗೆ ಮೊದಲು ಹೊಳೆಯುವುದು ಬಹಮನಿಗಳ ಆಚೆಗಿರುವ ಒಬ್ಬ ರಾಜನನ್ನು ಒಲಿಸಿಕೊಳ್ಳುವ ಉಪಾಯ. ಕಾಣಿಕೆ ಹೋಗುತ್ತದೆ, ದೂತ ಹೋಗುತ್ತಾನೆ, ಸ್ನೇಹದ ಅಂಕ ಏರುತ್ತದೆ, ಕೊನೆಗೊಮ್ಮೆ ಒಪ್ಪಂದವೂ ಆಗುತ್ತದೆ. 'ಕ್ರುಸೇಡರ್ ಕಿಂಗ್ಸ್' ಆಟದಲ್ಲಾದರೆ ಇಷ್ಟು ಸಾಲದು, ಹೆಣ್ಣು ಕೊಟ್ಟೋ ತಂದೋ ಸಂಬಂಧ ಬೆಳೆಸಬೇಕು. ಅಲ್ಲಿ ಆ ದಂಪತಿಗಳಲ್ಲಿ ಒಬ್ಬರು ಕಣ್ಣು ಮುಚ್ಚಿದರೆ ಒಪ್ಪಂದವೂ ಅವರೊಡನೆ ಹೋಯಿತು. ಸೊಸೆಗೆ ನೆಗಡಿಯಾದರೆ ಸಾಮ್ರಾಜ್ಯವೇ ಕಷಾಯ ಕಾಯಿಸಬೇಕಾದ ಪರಿಸ್ಥಿತಿ.

'ಯುರೋಪಾ'ದಲ್ಲಿ ಯುದ್ಧಕ್ಕೆ ಕರೆ ಹೋದಾಗ ಮಿತ್ರನ ಎರಡನೆಯ ಮುಖ ಕಾಣುತ್ತದೆ. ಈತ ಇಲ್ಲ ಎಂದು ನೇರವಾಗಿ ಹೇಳುವವನಲ್ಲ. ಕಾರಣಗಳ ಪಟ್ಟಿಯನ್ನೇ ಮುಂದಿಡುತ್ತಾನೆ. ಸಾಲ ಹೆಚ್ಚಾಗಿದೆ, ಯುದ್ಧಭೂಮಿ ದೂರ, ನಂಬಿಕೆ ಕಡಿಮೆ, ಈಗಾಗಲೇ ಬೇರೊಂದು ಯುದ್ಧದಲ್ಲಿದ್ದೇನೆ. ಒಂದೊಂದರ ಪಕ್ಕದಲ್ಲೂ ಒಂದೊಂದು ಋಣ ಸಂಖ್ಯೆ. ಗೆದ್ದ ನೆಲದಲ್ಲಿ ಪಾಲು ಕೊಡುತ್ತೇನೆಂದು ಮಾತು ಕೊಟ್ಟರೆ, ಇಲ್ಲವೇ ಹಿಂದೆ ಮಾಡಿದ ಉಪಕಾರ ಹತ್ತು ಅಂಕ ಮುಟ್ಟಿದ್ದರೆ, ಎಷ್ಟೋ ಸಲ ಅದೇ ಸಾಲಗಾರ ಅದೇ ದೂರದ ಯುದ್ಧಕ್ಕೆ ಸೊಂಟ ಕಟ್ಟಿ ನಿಲ್ಲುತ್ತಾನೆ.

ನಿಲ್ಲುವುದು ಬೇರೆ, ಬರುವುದು ಬೇರೆ. ಒಪ್ಪಿಕೊಂಡ ಮೇಲೆ ಈತ ಬರುವುದೇ ಇಲ್ಲ ಎಂಬ ದೂರು ನಿಜವಲ್ಲ. ಬರುತ್ತಾನೆ, ಬೇರೆ ಊರಿಗೆ. ಆಟಗಾರನ ಸೈನ್ಯ ರಾಯಚೂರಿನ ಬಯಲಿನಲ್ಲಿ ನುಚ್ಚುನೂರಾಗುತ್ತಿರುವಾಗ ಮಿತ್ರನ ದೊಡ್ಡ ಪಡೆ ಯಾರಿಗೂ ಬೇಡದ ಗುಡ್ಡದ ಕೋಟೆಯೊಂದಕ್ಕೆ ಶಾಂತವಾಗಿ ಮುತ್ತಿಗೆ ಹಾಕಿ ಕುಳಿತಿರುತ್ತದೆ. ಅಥವಾ ಪಕ್ಕದ ಸೀಮೆಯವರೆಗೂ ಬರುತ್ತದೆ, ನೋಡುತ್ತದೆ, ಹಿಂದಿರುಗುತ್ತದೆ. ಮತ್ತೆ ಬರುತ್ತದೆ, ಮತ್ತೆ ಹಿಂದಿರುಗುತ್ತದೆ. ಒಂದು ಬಾಣವನ್ನೂ ಬಿಡದೆ, ದಾರಿಯ ಬವಣೆಯಲ್ಲೇ ಅರ್ಧ ಕರಗುತ್ತದೆ. ಇದು ಹೇಡಿತನವಲ್ಲ, ಲೆಕ್ಕ. ಹತ್ತಿರದಲ್ಲಿರುವ ಶತ್ರುವಿನ ಬಲ ಎಷ್ಟು, ನಮ್ಮದೆಷ್ಟು ಎಂದು ಕಂಪ್ಯೂಟರ್ ಮತ್ತೆ ಮತ್ತೆ ಹೊಸದಾಗಿ ತೂಗುತ್ತದೆ. ತಕ್ಕಡಿ ಈ ಕಡೆ ವಾಲಿದರೆ ಮುನ್ನಡೆ. ಎರಡು ದಿನ ಕಳೆದು ಶತ್ರುವಿನ ಇನ್ನೊಂದು ತುಕಡಿ ಕಣ್ಣಿಗೆ ಬಿದ್ದರೆ ಹಿನ್ನಡೆ. ನಿನ್ನೆ ಬರುತ್ತೇನೆಂದು ಹೊರಟಿದ್ದೆ ಎಂಬುದು ಇಂದಿನ ಲೆಕ್ಕದಲ್ಲಿ ಒಂದು ಬಾಬತ್ತೇ ಅಲ್ಲ.

ಮಿತ್ರನಿಗೆ ಆಜ್ಞೆ ಕೊಡುವ ಸೌಲಭ್ಯವೂ ಕೆಲವು ಆಟಗಳಲ್ಲಿದೆ. 1999ರ 'ಏಜ್ ಆಫ್ ಎಂಪೈರ್ಸ್ 2'ರಲ್ಲಿ ಸಂದೇಶವಾಗಿ 31 ಎಂದು ಬರೆದು ಕಳಿಸಿದರೆ, ಈಗಲೇ ಶತ್ರುವಿನ ಮೇಲೆ ಬೀಳು ಎಂದರ್ಥ. ಮಿತ್ರ ವಿಧೇಯ, ಕೈಯಲ್ಲಿದ್ದಷ್ಟು ಜನರನ್ನು ಕರೆದುಕೊಂಡು ಹೊರಟೇಬಿಡುತ್ತಾನೆ. ಆ ಕೈಯಲ್ಲಿದ್ದಷ್ಟು ಎನ್ನುವುದು ಕೆಲವೊಮ್ಮೆ ನಾಲ್ಕು ಈಟಿಗಾರರು ಮಾತ್ರ. ಎರಡನೆಯ ಮಹಾಯುದ್ಧದ 'ಹಾರ್ಟ್ಸ್ ಆಫ್ ಐರನ್ 4'ರಲ್ಲಿ ಕಷ್ಟ ತಿರುಗುಮುರುಗು. ಅಲ್ಲಿ ಮಿತ್ರ ಕರೆಯದೆಯೂ ಬರುತ್ತಾನೆ, ಬಳಗವನ್ನೆಲ್ಲ ಕಟ್ಟಿಕೊಂಡು ಬರುತ್ತಾನೆ. ಉತ್ತರ ಆಫ್ರಿಕಾದ ಮರಳಿನಲ್ಲಿ ಹತ್ತು ದಳಗಳಿಗೆ ಸಾಲುವ ಸರಬರಾಜಿನ ಮೇಲೆ ಮೂವತ್ತು ದಳಗಳು ಬಂದು ಬೀಳುತ್ತವೆ, ಆಟಗಾರನ ಟ್ಯಾಂಕುಗಳು ಪೆಟ್ರೋಲಿಲ್ಲದೆ ನಿಲ್ಲುತ್ತವೆ. ಸಹಾಯಕ್ಕೆ ಬಾರದ ಮಿತ್ರನಿಗಿಂತ ಸಹಾಯ ಮಾಡಿಯೇ ತೀರುವ ಮಿತ್ರ ಅಪಾಯಕಾರಿ ಎಂಬುದು ಇದನ್ನು ಆಡಿದ ಹಲವರ ಅಭಿಪ್ರಾಯ.

ದ್ರೋಹದ ಪ್ರಕರಣಗಳಲ್ಲಿ 2006ರ 'ಮಿಡೀವಲ್ 2: ಟೋಟಲ್ ವಾರ್'ಗೆ ವಿಶೇಷ ಸ್ಥಾನ. ವರ್ಷಗಟ್ಟಲೆ ಜೊತೆಗಿದ್ದ ಮಿತ್ರ ಒಂದು ದಿನ ಒಂದೇ ಒಂದು ಹಡಗು ತಂದು ಆಟಗಾರನ ಬಂದರಿಗೆ ಅಡ್ಡ ನಿಲ್ಲಿಸುತ್ತಾನೆ. ಸೈನ್ಯವಿಲ್ಲ, ಮುತ್ತಿಗೆಯಿಲ್ಲ, ಕಾರಣವೂ ಇಲ್ಲ. ಯುದ್ಧ ಸಾರುವುದಕ್ಕೆ ಇಷ್ಟು ಅಗ್ಗದ ವಿಧಾನ ಇತಿಹಾಸದಲ್ಲಿ ಹುಡುಕಿದರೂ ಸಿಗಲಾರದು. 2011ರ 'ಶೋಗನ್ 2' ಈ ಚಾಳಿಯನ್ನು ನಿಯಮವನ್ನಾಗಿಯೇ ಮಾಡಿತು. ಆಟಗಾರನ ಕೀರ್ತಿ ಒಂದು ಮಟ್ಟ ದಾಟಿದೊಡನೆ ಶೋಗನ್ ಆತನನ್ನು ರಾಜ್ಯದ ವೈರಿ ಎಂದು ಸಾರುತ್ತಾನೆ, ಹಳೆಯ ಮಿತ್ರರು ಸರದಿಯ ಮೇಲೆ ಸರದಿಯಾಗಿ ತಣ್ಣಗಾಗಿ ಕೊನೆಗೆ ಕತ್ತಿ ಹಿರಿಯುತ್ತಾರೆ. ಆಟದ ಪರವಾಗಿ ಹೇಳಬೇಕಾದ ಮಾತೊಂದಿದೆ: ಜಪಾನಿನ ಚರಿತ್ರೆಯೂ ಸುಮಾರಾಗಿ ಹೀಗೇ. 1600ರ ಸೆಕಿಗಹಾರಾ ಯುದ್ಧದಲ್ಲಿ ಕೊಬಯಾಕಾವಾ ಹಿದೆಆಕಿ ಎಂಬ ಸಾಮಂತ ಒಂದು ಪಕ್ಷದಲ್ಲಿ ನಿಂತು, ಗುಡ್ಡದ ಮೇಲಿಂದ ನೋಡುತ್ತ ಕುಳಿತು, ಕೊನೆಗೆ ಇಳಿದುಬಂದು ತನ್ನ ಪಕ್ಷದ ಮೇಲೆಯೇ ಬಿದ್ದ. ಅವನನ್ನು ಆಡಿಸಲು ಯಾವ ಕಂಪ್ಯೂಟರೂ ಇರಲಿಲ್ಲ.

ಈ ಸ್ವಭಾವದ ಮೂಲ ವಿನ್ಯಾಸಕಾರರ ಒಂದು ಇಕ್ಕಟ್ಟಿನಲ್ಲಿದೆ. 'ಸಿವಿಲೈಸೇಷನ್' ಬಗೆಯ ಆಟದಲ್ಲಿ ಗೆಲ್ಲುವವನು ಸಾಮಾನ್ಯವಾಗಿ ಒಬ್ಬನೇ; ಮಿತ್ರನೂ ಆ ಪೀಠದ ಉಮೇದುವಾರ. ಅವನು ನಿಜವಾಗಿಯೂ ಗೆಲ್ಲಲು ಆಡಿದರೆ ಮುಂದೆ ಓಡುತ್ತಿರುವ ಆಟಗಾರನ ಕಾಲೆಳೆಯಲೇಬೇಕು. ಆಟಗಾರ ಇದನ್ನು ದ್ರೋಹ ಎನ್ನುತ್ತಾನೆ, ಮನುಷ್ಯನೇ ಮಾಡಿದ್ದರೆ ಚಾಣಾಕ್ಷತನ ಎನ್ನುತ್ತಿದ್ದ. 2005ರ ನಾಲ್ಕನೇ 'ಸಿವಿಲೈಸೇಷನ್' ರೂಪಿಸಿದ ಸೊರೆನ್ ಜಾನ್ಸನ್ ಇದಕ್ಕೆ ಕಂಡುಕೊಂಡ ಪರಿಹಾರ, ಮಿತ್ರನ ಮನಸ್ಸನ್ನು ತೆರೆದಿಡುವುದು: ಗಡಿ ತಾಗುತ್ತಿದೆ, ಇಷ್ಟು ಕಳೆ, ವ್ಯಾಪಾರ ನ್ಯಾಯವಾಗಿತ್ತು, ಇಷ್ಟು ಕೂಡು. ಹಗೆಯ ಲೆಕ್ಕಪತ್ರ ಕಣ್ಣೆದುರಿಗೇ ಇದ್ದುದರಿಂದ ಬೈಗುಳ ಕಡಿಮೆಯಾಯಿತು. ಆದರೆ ಪಟ್ಟಿ ಎಷ್ಟು ಪಾರದರ್ಶಕವಾದರೂ ಮಿತ್ರ ಸಪ್ಪೆಯಾಗಬಾರದೆಂದು ವಿನ್ಯಾಸಕಾರರು ಒಂದಿಷ್ಟು ಹುಚ್ಚನ್ನೂ ಬೆರೆಸುತ್ತಾರೆ. 1991ರ ಮೊದಲ 'ಸಿವಿಲೈಸೇಷನ್'ನಲ್ಲಿ ಲೆಕ್ಕದ ದೋಷದಿಂದ ಭಾರತದ ನಾಯಕರಾದ ಗಾಂಧಿ ಅಣುಬಾಂಬ್ ಹಾಕುತ್ತಿದ್ದರು ಎಂಬುದು ಬರೀ ದಂತಕತೆ. ಅಂಥ ದೋಷವಿರಲಿಲ್ಲ ಎಂದು ಆ ಆಟವನ್ನು ರೂಪಿಸಿದ ಸಿಡ್ ಮೆಯರ್ ಅವರೇ 2020ರ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆದರೆ 2010ರ ಐದನೇ ಆವೃತ್ತಿಯಲ್ಲಿ, ಸಾಮಾನ್ಯವಾಗಿ ಹತ್ತಕ್ಕೆ ನಿಲ್ಲುವ ಅಳತೆಪಟ್ಟಿಯಲ್ಲಿ ಗಾಂಧಿಯ ಅಣ್ವಸ್ತ್ರ ಒಲವಿಗೆ 12 ಅಂಕ ಕೊಟ್ಟಿದ್ದು ನಿಜ, ಅದೂ ತಮಾಷೆಗೆಂದೇ.

ಯುದ್ಧ ಮುಗಿದು ಸಂಧಿಗೆ ಕೂತಾಗ ಮಾತ್ರ ಮಿತ್ರ ತಪ್ಪದೆ ಹಾಜರು. 'ಹಾರ್ಟ್ಸ್ ಆಫ್ ಐರನ್'ನ ಶಾಂತಿ ಸಮ್ಮೇಳನದಲ್ಲಿ ಯುದ್ಧದಲ್ಲಿ ವಹಿಸಿದ ಪಾಲಿಗೆ ತಕ್ಕ ಅಂಕಗಳಿರುತ್ತವೆ. ಮಿತ್ರ ತನ್ನ ಅಂಕಗಳಲ್ಲಿ ಆಟಗಾರ ಗೆದ್ದ ದೇಶದ ನಟ್ಟನಡುವಿನ ಒಂದು ತುಂಡನ್ನು ಬೇಡುತ್ತಾನೆ, ನಕ್ಷೆ ತೇಪೆ ಹಾಕಿದ ಕೌದಿಯಾಗುತ್ತದೆ. 'ಯುರೋಪಾ'ದಲ್ಲಿ ಕೊಡುತ್ತೇನೆಂದ ನೆಲವನ್ನು ಕೊಡದಿದ್ದರೆ ನಂಬಿಕೆಯ ಅಂಕ ಕುಸಿಯುತ್ತದೆ, ಮುಂದಿನ ಕರೆಗೆ ಅದೇ ನೆಪ ಪಟ್ಟಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಮಿತ್ರನ ಜ್ಞಾಪಕಶಕ್ತಿ ಬಹಳ ಚೆನ್ನಾಗಿದೆ.