ಕೌದಿಯ ಮೇಲಿನ ಲ್ಯಾಪ್‌ಟಾಪ್

ಲ್ಯಾಪ್‌ಟಾಪಿನ ಫ್ಯಾನು ಗಾಳಿಯನ್ನು ತಂಪುಗೊಳಿಸುವುದಿಲ್ಲ. ಕೋಣೆಯಲ್ಲಿ ಇದ್ದ ಗಾಳಿಯನ್ನೇ ಒಳಗೆಳೆದು, ಪ್ರೊಸೆಸರ್ ಎಂಬ, ಲೆಕ್ಕಾಚಾರವನ್ನೆಲ್ಲ ನಡೆಸುವ ಚಿಪ್ಪಿನ ಬಿಸಿಯನ್ನು ಅದರೊಡನೆ ಹೊರಕ್ಕೆ ದೂಡುತ್ತದೆಯಾದುದರಿಂದ, ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳಲ್ಲಿ ಅದಕ್ಕೆ ದೊರೆಯುವ ‘ತಂಗಾಳಿ’ಯೂ 40 ಡಿಗ್ರಿಯದೇ ಆಗಿರುತ್ತದೆ. ಚಿಪ್ಪಿನ ಉಷ್ಣತೆ 100 ಡಿಗ್ರಿಯನ್ನು ಸಮೀಪಿಸಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಕ್ರಿಯೆಗೆ ಥರ್ಮಲ್ ಥ್ರಾಟ್ಲಿಂಗ್ ಎಂದು ಹೆಸರು. ಇದನ್ನು ಯಂತ್ರದ ಮೈಗಳ್ಳತನವೆಂದು ಬೈಯುವವರು, ವಿಜಯಪುರ ಜಿಲ್ಲೆಯ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವೇಳಾಪಟ್ಟಿಗೆ ಹೊರಳುವುದನ್ನು ನೆನೆಯಬೇಕು; ಚಿಪ್ಪು ಆದೇಶಕ್ಕಾಗಿ ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಎಲ್ಲ ದೋಷವನ್ನೂ ಸೂರ್ಯನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಹೊಲಿದ ಕೌದಿಯ ಮೇಲೆ ಲ್ಯಾಪ್‌ಟಾಪನ್ನು ಮಲಗಿಸಿ ಸಿನಿಮಾ ನೋಡುವುದು ಸುಖವೇನೋ ಹೌದು; ಆದರೆ ತಳದ ಗಾಳಿಕಂಡಿಗಳು ಮುಚ್ಚಿಹೋಗಿ, ಚಳಿಗಾಲದ ಮನುಷ್ಯನಿಗಾಗಿ ಸಿದ್ಧವಾದ ಬೆಚ್ಚನೆಯ ಆತಿಥ್ಯವನ್ನು ಬೇಸಿಗೆಯ ಯಂತ್ರ ಉಣ್ಣಬೇಕಾಗುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆಯ ತಂಪು ಇದಕ್ಕೆ ಪರಮೌಷಧವೇ, ಆದರೂ ಅದೇ ಮಣ್ಣಿನ ಮಾಳಿಗೆಯಿಂದ ಉದುರುವ ಧೂಳು ಹೀಟ್‌ಸಿಂಕ್, ಎಂದರೆ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವ ತೆಳುಲೋಹದ ಪಟ್ಟಿಗಳ ನಡುವೆ ಕಾಯಂ ವಸತಿ ಹೂಡುತ್ತದೆ. ಆಗ ಯಂತ್ರವನ್ನು ಗಟ್ಟಿ ಹಲಗೆಯ ಮೇಲಿಟ್ಟು, ಹಿಂಬದಿಯನ್ನು ತುಸು ಎತ್ತರಿಸಿ, ಆಗಾಗ ಆರಿಸಿ ಧೂಳು ತೆಗೆಸುವುದೇ ಮಾರ್ಗ. ನೀರಿನ ಹರವಿಗೆ ಸುತ್ತುವ ಒದ್ದೆ ಬಟ್ಟೆಯನ್ನು ಇದಕ್ಕೂ ಸುತ್ತಿದಲ್ಲಿ ಲ್ಯಾಪ್‌ಟಾಪ್ ನಿಜಕ್ಕೂ ತಣ್ಣಗಾಗುತ್ತದೆ, ಬಹುಶಃ ಶಾಶ್ವತವಾಗಿ.