ವಿಮಾನಕ್ಕೆ ಬೇಡ, ಬಂದೂಕಿಗೆ ಬಾ

ಅಮೆರಿಕಕ್ಕೆ ಹೊರಟ ನಿಮ್ಮ ಬೋರ್ಡಿಂಗ್ ಪಾಸಿನ ಮೂಲೆಯಲ್ಲಿ ನಾಲ್ಕು ‘ಎಸ್’ ಅಕ್ಷರಗಳು ಸಾಲಾಗಿ ಕೂತಿದ್ದರೆ ಅದೇನೋ ಬಿರುದು ಎಂದುಕೊಂಡು ಹಿಗ್ಗಬೇಡಿ. ಬೆಲ್ಟು ಬಿಚ್ಚಿ, ಶೂ ಬಿಚ್ಚಿ, ಮೊಮ್ಮಗುವಿಗೆಂದು ಒಯ್ಯುತ್ತಿರುವ ಚಕ್ಕುಲಿ ಡಬ್ಬದ ಮುಚ್ಚಳವನ್ನೂ ಬಿಚ್ಚಿ ಪಕ್ಕಕ್ಕೆ ನಿಲ್ಲಿ ಎಂಬುದರ ಸಂಕ್ಷಿಪ್ತ ರೂಪ ಅದು. ಯಾಕಪ್ಪಾ ಎಂದು ಕೇಳಿದರೆ ಕೌಂಟರಿನವನಿಗೂ ಗೊತ್ತಿರುವುದಿಲ್ಲ. ಕಂಪ್ಯೂಟರು ಹೇಳಿದೆ, ಅಷ್ಟೆ.

ಇದಾದರೂ ಪುಣ್ಯವಂತರ ಪಾಡು. ಇದಕ್ಕೂ ಮೇಲಿನ ದರ್ಜೆಯದು ‘ನೋ ಫ್ಲೈ’ ಪಟ್ಟಿ. ಅದರಲ್ಲಿ ಹೆಸರಿದ್ದವರಿಗೆ ಬೋರ್ಡಿಂಗ್ ಪಾಸೇ ಹುಟ್ಟುವುದಿಲ್ಲ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ, ವಿಮಾನ ಹತ್ತಕೂಡದವರೆಂದು ಅಮೆರಿಕ ಬರೆದಿಟ್ಟುಕೊಂಡಿದ್ದದ್ದು 16 ಹೆಸರು. 2016ರ ಹೊತ್ತಿಗೆ ಅದು ಸುಮಾರು 81,000 ಆಯಿತು. ಇದರ ತಾಯಿಪಟ್ಟಿಯಾದ ಶಂಕಿತರ ದೊಡ್ಡ ಪಟ್ಟಿಯಲ್ಲಿ 2017ರಲ್ಲಿ ಸುಮಾರು 12 ಲಕ್ಷ ಜನ. ಹೆಸರು ಸೇರಿಸಲು ಸಾಕ್ಷಿ ಬೇಕಿಲ್ಲ, ‘ಸಕಾರಣ ಅನುಮಾನ’ ಸಾಕು. ಆ ಕಾರಣ ಏನೆಂದು ಕೇಳಿದರೆ ಅದು ರಾಷ್ಟ್ರದ ಭದ್ರತೆಯ ಗುಟ್ಟು.

ಹೀಗೆ ವಿಮಾನ ನಿಲ್ದಾಣದಿಂದ ಹೊರದಬ್ಬಿಸಿಕೊಂಡ ಮನುಷ್ಯ ಬೇಸರ ಕಳೆಯಲು ಪಕ್ಕದ ಬಂದೂಕಿನ ಅಂಗಡಿಗೆ ಹೋದ ಎಂದಿಟ್ಟುಕೊಳ್ಳಿ. ಅಲ್ಲಿ ಅವನ ಕೈಗೆ ‘4473’ ಎಂಬ ನಮೂನೆ ಕೊಡುತ್ತಾರೆ. ದೊಡ್ಡ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ? ತಲೆಮರೆಸಿಕೊಂಡಿದ್ದೀರಾ? ಗಾಂಜಾ ಸೇದುತ್ತೀರಾ? ಎಲ್ಲಕ್ಕೂ ಇಲ್ಲ ಎಂದರೆ, ಎಫ್‌ಬಿಐ ದಾಖಲೆ ನೋಡಿ ಹೂಂ ಅನ್ನುತ್ತದೆ. ಭಯೋತ್ಪಾದಕನೆಂಬ ಅನುಮಾನ ನಿಮ್ಮ ಮೇಲಿದೆಯೇ ಎಂಬ ಪ್ರಶ್ನೆ ಆ ಹಾಳೆಯಲ್ಲಿ ಇಲ್ಲ. ಗಾಂಜಾ ಸೇದುವವನ ಕೈಗೆ ಬಂದೂಕು ಕೊಡುವುದು ಅಪಾಯ. ಬಾಂಬಿಡುತ್ತಾನೆಂದು ಸರ್ಕಾರವೇ ಅನುಮಾನಿಸಿದವನಿಗೆ ಕೊಡುವುದು ಸಂವಿಧಾನ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಅಮೆರಿಕದ ಲೆಕ್ಕಪರಿಶೋಧನಾ ಕಚೇರಿಯೇ ಎಣಿಸಿಟ್ಟಿದೆ. 2004ರಿಂದ 2014ರವರೆಗೆ ಶಂಕಿತರ ಪಟ್ಟಿಯಲ್ಲಿದ್ದವರು ಬಂದೂಕು ಅಥವಾ ಸ್ಫೋಟಕ ಕೊಳ್ಳಲು ಹೋಗಿ ತಪಾಸಣೆಗೆ ಒಳಗಾದದ್ದು 2,233 ಬಾರಿ. ಅದರಲ್ಲಿ 2,043 ಬಾರಿ ಒಪ್ಪಿಗೆ ಸಿಕ್ಕಿದೆ. ನೂರಕ್ಕೆ 91! ನಮ್ಮ ಮಲೆನಾಡಿನಲ್ಲಿ ಚುನಾವಣೆ ಘೋಷಣೆಯಾದರೆ ಸಾಕು, ತೋಟಕ್ಕೆ ನುಗ್ಗುವ ಹಂದಿ ಓಡಿಸಲು ಲೈಸೆನ್ಸ್ ಪಡೆದ ರೈತ ಕೋವಿಯನ್ನು ಹೆಗಲಿಗೇರಿಸಿಕೊಂಡು ಠಾಣೆಯಲ್ಲಿ ಠೇವಣಿ ಇಡಲು ಓಡಬೇಕು. ಅವನಿಗೆ ಈ ಅಂಕಿ ತೋರಿಸಿದರೆ ವೀಸಾಕ್ಕೆ ಅರ್ಜಿ ಹಾಕಿಯಾನು.

2015ರ ಡಿಸೆಂಬರ್ 2ರಂದು ಸ್ಯಾನ್ ಬರ್ನಾರ್ಡಿನೊದಲ್ಲಿ 14 ಜನ ಗುಂಡಿಗೆ ಸತ್ತರು. ಮರುದಿನವೇ, ಪಟ್ಟಿಯಲ್ಲಿದ್ದವರಿಗೆ ಬಂದೂಕು ಮಾರಬಾರದೆಂದು ಸೆನೆಟರ್ ಡಯೇನ್ ಫೈನ್‌ಸ್ಟೈನ್ ತಂದ ತಿದ್ದುಪಡಿ ಸೆನೆಟ್‌ನಲ್ಲಿ 45–54ರಿಂದ ಬಿತ್ತು. 2016ರ ಜೂನ್ 12ರಂದು ಆರ್ಲಾಂಡೊದ ಪಲ್ಸ್ ಕ್ಲಬ್ಬಿನಲ್ಲಿ 49 ಜನ ಸತ್ತರು. ಎಂಟು ದಿನಕ್ಕೆ ಅದೇ ತಿದ್ದುಪಡಿ 47–53ರಿಂದ ಮತ್ತೆ ಬಿತ್ತು. ಇದಕ್ಕೆ ಎದುರಾಗಿ ರಿಪಬ್ಲಿಕನ್ ಜಾನ್ ಕಾರ್ನಿನ್ ಇನ್ನೊಂದು ತಂದರು: ಮಾರಾಟವನ್ನು 72 ಗಂಟೆ ತಡೆಯೋಣ, ಅಷ್ಟರೊಳಗೆ ಸರ್ಕಾರ ನ್ಯಾಯಾಧೀಶರನ್ನು ಒಪ್ಪಿಸಲಿ. ಹಾವೂ ಸಾಯದ, ಕೋಲೂ ಮುರಿಯದ ಈ ಉಪಾಯಕ್ಕೆ 53 ಮತ ಬಂತು. ಬೇಕಿದ್ದದ್ದು 60.

ತಮಾಷೆ ಏನೆಂದರೆ, ಸ್ಯಾನ್ ಬರ್ನಾರ್ಡಿನೊ ಹಂತಕರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆರ್ಲಾಂಡೊದ ಹಂತಕ ಮೊದಲು ಪಟ್ಟಿಯಲ್ಲಿದ್ದ. ವಿಚಾರಣೆ ಮುಗಿಸಿ ಹೆಸರು ಹೊಡೆದುಹಾಕಿದ್ದರು. ಬಂದೂಕು ಕೊಳ್ಳುವಾಗ ಅವನು ಅಪ್ಪಟ ಸಂಭಾವಿತ.

ಹಾಗಾದರೆ ಪಟ್ಟಿಯಲ್ಲಿ ಇದ್ದವರಾದರೂ ಯಾರು? ನೆಲ್ಸನ್ ಮಂಡೇಲಾ ಇದ್ದರು. ನೊಬೆಲ್ ಶಾಂತಿ ಪ್ರಶಸ್ತಿ ಬಂದು ಹದಿನೈದು ವರ್ಷವಾದರೂ, ಅಮೆರಿಕಕ್ಕೆ ಬರಲು ಅವರಿಗೆ ವಿಶೇಷ ವಿನಾಯಿತಿ ಬೇಕಿತ್ತು. 2008ರಲ್ಲಿ, ಅವರಿಗೆ 90 ತುಂಬುವ ತಿಂಗಳಲ್ಲಿ, ಇನ್ನು ಈ ಅಜ್ಜನಿಂದ ಅಪಾಯವಿಲ್ಲ ಎಂದು ಕಾನೂನು ತಂದು ಬಿಡುಗಡೆ ಕೊಟ್ಟರು. ಸೆನೆಟರ್ ಟೆಡ್ ಕೆನಡಿ ಟಿಕೆಟ್ ಕೇಳಿದಾಗೆಲ್ಲ ಕೌಂಟರಿನವರು ಆಗದು ಎಂದರು. ‘ಟಿ. ಕೆನಡಿ’ ಎಂಬುದು ಯಾವನೋ ಶಂಕಿತನ ಸುಳ್ಳು ಹೆಸರಂತೆ. ಗೃಹ ಭದ್ರತಾ ಮಂತ್ರಿಗೇ ಫೋನು ಮಾಡಬಲ್ಲ ಕೆನಡಿಗೆ ಇದನ್ನು ಸರಿಪಡಿಸಿಕೊಳ್ಳಲು ಮೂರು ವಾರ ಹಿಡಿಯಿತು. ಫೋನ್ ನಂಬರ್ ಇಲ್ಲದ ಕೆನಡಿಗಳ ಗತಿ ದೇವರೇ ಬಲ್ಲ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದ ನಮ್ಮೂರ ಹಿರಿಯರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ನಾಮಕರಣ ಮಾಡುವ ಸರ್ಕಾರ ಇದು. ಹೆಸರು ನೋಡಿ ಮನುಷ್ಯನನ್ನು ಹಿಡಿಯುತ್ತೇನೆ ಎನ್ನುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಒಂದು ಪೆನ್ನಿನ ಕಥೆ. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಲೇಷ್ಯಾದ ಹೆಣ್ಣುಮಗಳೊಬ್ಬಳು 2005ರ ಜನವರಿಯಲ್ಲಿ ಗಾಲಿಕುರ್ಚಿಯ ನೆರವು ಬೇಕೆಂದು ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಬಂದಳು. ಸಿಕ್ಕಿದ್ದು ಕೈಕೋಳ. ಕಾರಣ ಇಷ್ಟೇ: ಎಫ್‌ಬಿಐನ ಒಬ್ಬ ಏಜೆಂಟ್ ಹಿಂದಿನ ವರ್ಷ ಒಂದು ನಮೂನೆ ತುಂಬಿದ್ದ. ‘ಈ ವ್ಯಕ್ತಿಯನ್ನು ಯಾವ ಯಾವ ಪಟ್ಟಿಗೆ ಸೇರಿಸಬಾರದು’ ಎಂಬುದಕ್ಕೆ ಅದರಲ್ಲಿ ಗುರುತು ಹಾಕಬೇಕಿತ್ತು. ಆತ ‘ಸೇರಿಸಬೇಕು’ ಎಂದು ಓದಿಕೊಂಡು ತಿರುವುಮುರುವಾಗಿ ಟಿಕ್ ಹೊಡೆದ. ತಾನು ಮಾಡಿದ್ದು ತಪ್ಪೆಂದು ಆತನಿಗೇ ತಿಳಿದದ್ದು 2013ರಲ್ಲಿ, ಕೋರ್ಟಿನ ಹೇಳಿಕೆ ಕೊಡುವಾಗ. ಅಲ್ಲಿಯವರೆಗೆ ಸರ್ಕಾರ ವಾದಿಸಿದ್ದು ಒಂದೇ ಮಾತು: ಕಾರಣ ಹೇಳಿದರೆ ದೇಶದ ಭದ್ರತೆಗೆ ಧಕ್ಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ನಮ್ಮಲ್ಲೂ ಇದ್ದಾರೆ. ಒಂಬತ್ತು ವರ್ಷ ಹಾಲು ಕರೆಯುತ್ತ ಕೂರುವವರನ್ನು ಮಾತ್ರ ನಾನು ಕಂಡಿರಲಿಲ್ಲ.

ಇಷ್ಟು ಗುಟ್ಟಾದ ಪಟ್ಟಿ ಕೊನೆಗೆ ಸಿಕ್ಕಿದ್ದೆಲ್ಲಿ? 2023ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಹ್ಯಾಕರ್ ಒಬ್ಬರಿಗೆ, ಸಣ್ಣ ವಿಮಾನ ಕಂಪನಿಯೊಂದರ ಬಾಗಿಲಿಲ್ಲದ ಸರ್ವರಿನಲ್ಲಿ. ಕಡತದ ಹೆಸರು ‘ನೋಫ್ಲೈ’. 2019ರ ಪ್ರತಿ, ಒಬ್ಬನದೇ ಹಲವು ಹೆಸರುಗಳೂ ಸೇರಿ 15 ಲಕ್ಷಕ್ಕೂ ಹೆಚ್ಚು ನಮೂದು. ಪಟ್ಟಿಯಲ್ಲಿದ್ದವನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ನೋಡಲು ಮುಕ್ತ.

ಇಂಥ ಪಟ್ಟಿಯನ್ನು ನಂಬಿ ನಾಗರಿಕನ ಹಕ್ಕು ಕಸಿಯಬಾರದು ಎಂದು ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಹೇಳಿತು. ಅದನ್ನೇ ಬಂದೂಕುಪ್ರಿಯರ ಸಂಘ ಎನ್‌ಆರ್‌ಎ ಕೂಡ ಹೇಳಿತು. ಹಾವು ಮುಂಗುಸಿ ಒಂದೇ ಬಿಲದಲ್ಲಿ! ವ್ಯತ್ಯಾಸವಿಷ್ಟೇ: ಎಸಿಎಲ್‌ಯು ಈ ಮಾತನ್ನು ವಿಮಾನ ನಿಲ್ದಾಣದಲ್ಲೂ ಆಡಿತ್ತು, ಅದಕ್ಕಾಗಿ ಓರೆಗಾನ್‌ನ ಕೋರ್ಟಿಗೆ ಹೋಗಿ 2014ರಲ್ಲಿ ಗೆದ್ದಿತ್ತು. ಬಂದೂಕಿನ ಪಕ್ಷದವರಿಗೆ ‘ನ್ಯಾಯಯುತ ವಿಚಾರಣೆ’ ಎಂಬ ಪದ ನೆನಪಾದದ್ದು ಅಂಗಡಿಯ ಬಾಗಿಲಲ್ಲಿ. ಮುಸ್ಲಿಮನನ್ನು ವಿಮಾನದಿಂದ ಇಳಿಸುವಾಗ ಅವರ ಸಂವಿಧಾನದ ಪುಸ್ತಕ ಬೀರುವಿನಲ್ಲಿತ್ತು.

ಇತ್ತ ಉದಾರವಾದಿಗಳದು ಇನ್ನೂ ಚೆಂದ. 2016ರ ಜೂನ್ 22ರಂದು ಇದೇ ಪಟ್ಟಿಯ ಆಧಾರದ ಮೇಲೆ ಬಂದೂಕು ನಿಷೇಧಿಸಿ ಎಂದು ಸಂಸತ್ತಿನ ನೆಲದ ಮೇಲೆ ಕೂತು ಸತ್ಯಾಗ್ರಹ ಮಾಡಿದವರ ನಾಯಕ ಜಾನ್ ಲೂಯಿಸ್. ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದು, ಸೆಲ್ಮಾದಲ್ಲಿ ಪೊಲೀಸರ ಲಾಠಿಗೆ ತಲೆ ಒಡ್ಡಿದ ದೊಡ್ಡ ಜೀವ. ಆದರೆ ಇದೇ ಪಟ್ಟಿಯ ಯಾವನೋ ಇನ್ನೊಬ್ಬ ಜಾನ್ ಲೂಯಿಸನ ದೆಸೆಯಿಂದ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ತಡೆಸಿಕೊಂಡವರೂ ಅವರೇ. ತನ್ನನ್ನು ಕಚ್ಚಿದ ನಾಯಿಯನ್ನೇ ಮನೆ ಕಾವಲಿಗೆ ಇಡಿ ಎಂದು ಹಟ ಹಿಡಿದಂತಾಯಿತು.

ಲೆಕ್ಕ ಸರಳ. ಪಟ್ಟಿ ನಿಜವಾದರೆ ಅದರಲ್ಲಿದ್ದವನಿಗೆ ಬಂದೂಕು ಮಾರುವುದು ಹುಚ್ಚು. ಪಟ್ಟಿ ಸುಳ್ಳಾದರೆ ಅವನಿಗೆ ಟಿಕೆಟ್ ನಿರಾಕರಿಸುವುದು ಅನ್ಯಾಯ. ನೋಟಿಸ್ ಕೊಡಿ, ಕಾರಣ ಹೇಳಿ, ನ್ಯಾಯಾಧೀಶರ ಮುಂದೆ ನಿಲ್ಲಿಸಿ. ಅಪರಾಧಿ ಎಂದು ತೋರಿಸಿದರೆ ಎರಡನ್ನೂ ಕಸಿದುಕೊಳ್ಳಿ, ತೋರಿಸಲಾಗದಿದ್ದರೆ ಎರಡನ್ನೂ ಬಿಡಿ. ಈ ಸರಳ ಕೆಲಸ ಇವತ್ತಿಗೂ ಆಗಿಲ್ಲ.

ಕೊನೆಗೆ ಒಂದು ಸಣ್ಣ ಅಂಕಿ. 2016ರ ಆ 81,000 ಮಂದಿಯಲ್ಲಿ ಅಮೆರಿಕದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಒಂದು ಸಾವಿರಕ್ಕೂ ಕಡಿಮೆ. ಎರಡು ಪಕ್ಷಗಳು, ಎರಡು ಸದನಗಳು ಗಂಟಲು ಹರಿದುಕೊಂಡದ್ದು ಇಂಥ ಸ್ವದೇಶದವರ ಬಂದೂಕಿಗಾಗಿ. ಉಳಿದ 80 ಸಾವಿರ ಜನ ಹೊರದೇಶದವರು; ಅವರಿಗೆ ಬಂದೂಕೂ ಬೇಕಿರಲಿಲ್ಲ, ವಕೀಲರೂ ಇರಲಿಲ್ಲ. ಚಕ್ಕುಲಿ ಡಬ್ಬ ಹಿಡಿದು ಸಾಲಿನಲ್ಲಿ ನಿಂತ ನಾವು ನೀವು ಬರುವುದು ಆ ಲೆಕ್ಕಕ್ಕೆ.