ನಾಯಿ ಆಂಟಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ನಾಯಿ ಆಂಟಿ ಇದ್ದೇ ಇರುತ್ತಾರೆ. ಹೆಸರು ಹೇಳಿ ಮನೆ ಕೇಳಿದರೆ ಎದುರುಮನೆಯವರಿಗೂ ಗೊತ್ತಿರುವುದಿಲ್ಲ. "ನಾಯಿಗೆ ಅನ್ನ ಹಾಕ್ತಾರಲ್ಲ, ಅವರು" ಅನ್ನಿ. ಕೆಲವರು ದಾರಿ ತೋರಿಸುತ್ತಾರೆ. ಕೆಲವರು ನಿಮ್ಮನ್ನೇ ನಿಲ್ಲಿಸಿಕೊಂಡು ದೂರು ಹೇಳುತ್ತಾರೆ.

ನಮ್ಮ ಬೀದಿಯ ಆಂಟಿಯದು ಬೆಳ್ಳುಳ್ಳಿಯನ್ನೂ ಮುಟ್ಟದ ಮನೆತನ. ಆದರೆ ಹಿತ್ತಲಲ್ಲಿ ಬೇರೆ ಸ್ಟೌ, ಬೇರೆ ಕುಕ್ಕರ್. ಕೋಳಿ ಅಂಗಡಿಯಿಂದ ತಂದ ಕಾಲು, ಕುತ್ತಿಗೆ ಅದರಲ್ಲಿ ಅಕ್ಕಿಯ ಜೊತೆ ಬೇಯುತ್ತವೆ. ಅದು ಸೀಟಿ ಹೊಡೆದ ಮೇಲೆ ಆಂಟಿ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಸ್ಕೂಟರ್ ತೆಗೆಯುತ್ತಾರೆ. ಡಿಕ್ಕಿಯಲ್ಲಿ ಪಾರ್ಲೆ-ಜಿ, ಹುಳು ಬಿದ್ದ ಗಾಯಕ್ಕೆ ಸ್ಪ್ರೇ, ಹಳೇ ಬೆಡ್‌ಶೀಟು, ಹಗ್ಗ. ಹೆಲ್ಮೆಟ್ ಇಡಲು ಜಾಗವಿಲ್ಲದ್ದರಿಂದ ಅದನ್ನು ತಲೆಗೇ ಹಾಕಿಕೊಂಡಿರುತ್ತಾರೆ. "ಊಟ ಆಯ್ತೇನೋ ಕಂದ?" ಎಂಬ ದನಿ ಕೇಳಿದರೆ ಅವರ ಯಜಮಾನರು ಪೇಪರಿನಿಂದ ತಲೆ ಎತ್ತುವುದಿಲ್ಲ. ಅನುಭವಸ್ಥರು.

ಮರಿ ದತ್ತು ಕೊಡುವಾಗ ಆಂಟಿಯನ್ನು ನೋಡಬೇಕು. ಸಾಫ್ಟ್‌ವೇರ್ ಹುಡುಗನೊಬ್ಬ ಬಂದಿದ್ದ. ಸ್ವಂತ ಮನೆಯೋ ಬಾಡಿಗೆಯೋ? ಓನರ್ ಒಪ್ಪಿದ್ದಾರಾ? ಬಾಲ್ಕನಿಗೆ ಗ್ರಿಲ್ ಇದೆಯಾ? ನಾಳೆ ಕಂಪನಿಯವರು ಅಮೆರಿಕಕ್ಕೆ ಕಳಿಸಿದರೆ? ಮಗಳನ್ನು ಕೊಡುವಾಗಲೂ ಇವಳು ಇಷ್ಟು ವಿಚಾರಿಸಿರಲಿಲ್ಲ ಎಂದು ಯಜಮಾನರು ಮೆಲ್ಲಗೆ ಅಂದರು. ಹುಡುಗ ಎಲ್ಲದರಲ್ಲೂ ಪಾಸಾಗಿ, ಕೊನೆಗೆ "ಗಂಡುಮರಿ ಇಲ್ವಾ ಆಂಟಿ?" ಎಂದು ಕೇಳಿ ಕೆಟ್ಟ. ಹೆಣ್ಣುಮರಿ ಎಂದರೆ ಮೂಟೆ ಕಟ್ಟಿ ತಂದು ಪಾರ್ಕಿನಲ್ಲಿ ಬಿಟ್ಟುಹೋಗುವ ಊರಿನಲ್ಲಿ ಇದ್ದೇವೆ; ಆಂಟಿಗೆ ಸಿಟ್ಟು ಬಂದದ್ದು ಸಹಜ. ಹಸ್ಕಿ ಸಾಕುವವರ ಮೇಲೆ ಇನ್ನೂ ಸಿಟ್ಟು. "ಹಿಮದಲ್ಲಿ ಗಾಡಿ ಎಳೆಯೋ ಜೀವಾನ ತಂದು ಎರಡನೇ ಮಹಡಿಯಲ್ಲಿ ಫ್ಯಾನ್ ಕೆಳಗೆ ಮಲಗಿಸ್ತಾರಲ್ರೀ!"

ದೋಷಗಳೂ ಉಂಟು. ಅನ್ನ ಹಾಕುವುದು ತಮ್ಮ ಗೇಟಿನ ಮುಂದಲ್ಲ, ನಮ್ಮ ಗೇಟಿನ ಮುಂದೆ. ನಾಯಿ ಕಚ್ಚಿತು ಎಂದು ಯಾರಾದರೂ ಹೇಳಿದರೆ, "ನೀವೇನು ಮಾಡಿದ್ರಿ ಅದಕ್ಕೆ?" ಎಂಬುದೇ ಮೊದಲ ಪ್ರಶ್ನೆ.

ಬಡಾವಣೆ ನಿವಾಸಿಗಳ ಸಂಘದ ಅಧ್ಯಕ್ಷರಿಗೂ ಆಂಟಿಗೂ ಎಣ್ಣೆ-ಸೀಗೆಕಾಯಿ. "ಎಲ್ಲವನ್ನೂ ಹಿಡಿಸಿ ಊರಾಚೆ ಬಿಟ್ಟುಬರೋಣ" ಎಂಬುದು ಅಧ್ಯಕ್ಷರ ವಾರ್ಷಿಕ ಭಾಷಣ. ಆಂಟಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ಬಿಚ್ಚುತ್ತಾರೆ: ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು, ಇವು ಹೋದರೆ ಪಕ್ಕದ ಬೀದಿಯವು ಬಂದು ಕೂರುತ್ತವೆ, ಅವಕ್ಕೆ ಆಪರೇಷನ್ನೂ ಆಗಿರುವುದಿಲ್ಲ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ ಬಂದ ದಿನ ಇಬ್ಬರೂ ಗೆದ್ದರು. ಹಿಡಿದ ಜಾಗಕ್ಕೇ ಮರಳಿಸಿ ಎಂಬ ಸಾಲನ್ನು ಆಂಟಿ ಓದಿದರು. ಬೀದಿಯಲ್ಲೆಲ್ಲ ಅನ್ನ ಹಾಕುವಂತಿಲ್ಲ, ಗೊತ್ತುಪಡಿಸಿದ ಜಾಗದಲ್ಲೇ ಹಾಕಿ ಎಂಬುದನ್ನು ಅಧ್ಯಕ್ಷರು ಓದಿದರು. ಆ ಜಾಗ ಗೊತ್ತುಪಡಿಸುವ ಮೀಟಿಂಗ್ ಮಾತ್ರ ಇನ್ನೂ ಮುಗಿದಿಲ್ಲ. ನಾಯಿಗೆ ಬಿಸಿನೀರು ಎರಚಿದವರೊಬ್ಬರ ಮೇಲೆ ದೂರು ಕೊಡಲು ಹೋದಾಗಷ್ಟೇ ಆಂಟಿ ಪೆಚ್ಚಾದದ್ದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆದೋಸೆಗೂ ಸಾಲದು.

ಹೋದ ಮಳೆಗಾಲ ಅಧ್ಯಕ್ಷರ ಮೀನಖಂಡಕ್ಕೇ ಒಂದು ನಾಯಿ ಬಾಯಿ ಹಾಕಿತು. ಸಂಘದವರೆಲ್ಲ ಅರಿಸಿನ ಹಚ್ಚಿ, ಸುಣ್ಣ ಹಚ್ಚಿ ಎನ್ನುತ್ತ ಸುತ್ತ ನಿಂತರು. ಆಂಟಿ ಬಂದವರೇ ಕೇಳಿದ್ದು: "ಕಿವಿಯಲ್ಲಿ ಕಚ್ಚು ಇತ್ತಾ?" ಇರಲಿಲ್ಲ. ಆಪರೇಷನ್ ಆದ ನಾಯಿಯ ಕಿವಿಯ ತುದಿಯಲ್ಲಿ ಆ ಗುರುತು ಇರುತ್ತದೆ. ಇದು ಹೊಸದಾಗಿ ಬಂದದ್ದು. "ನಮ್ಮದಲ್ಲ" ಎಂದು ನಿಟ್ಟುಸಿರು ಬಿಟ್ಟು, ಅಧ್ಯಕ್ಷರ ಪಂಚೆ ಎತ್ತಿಸಿ, ನಲ್ಲಿಯ ಕೆಳಗೆ ಕಾಲಿಡಿಸಿ, ಸೋಪು ಹಚ್ಚಿ ಗಡಿಯಾರ ನೋಡುತ್ತ 15 ನಿಮಿಷ ತೊಳೆಸಿದರು. ಆಮೇಲೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಇಂಜೆಕ್ಷನ್ ಹಾಕಿಸಿ ತಂದರು. ಉಳಿದ ಡೋಸ್‌ಗಳ ತಾರೀಕನ್ನು ಅಧ್ಯಕ್ಷರ ಹೆಂಡತಿ ಮರೆತರೂ ಆಂಟಿ ಮರೆಯಲಿಲ್ಲ.

ಅಧ್ಯಕ್ಷರ ವಾರ್ಷಿಕ ಭಾಷಣ ಈ ವರ್ಷವೂ ಆಯಿತು, ಸ್ವಲ್ಪ ಚಿಕ್ಕದಾಗಿ. ನಿಮ್ಮ ಬೀದಿಗೂ ರೇಬೀಸ್ ಲಸಿಕೆಯ ವ್ಯಾನ್ ಬರುತ್ತದೆ. ಆಗ ನಾಯಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಆಂಟಿ ಕರೆದರೆ ಗೇಟು ಹಾಕಿಕೊಳ್ಳಬೇಡಿ, ಹೋಗಿ.